ರಾಜಿ ಡಿಕ್ರಿಯ ಉಲ್ಲಂಘನೆಯೂ ಅದರ ಅಮಲ್ಜಾರಿಯೂ

ಬದು, ಬಂಡಿದಾರಿ, ಬಾವಿಯ ನೀರಿನ ಪಾಳಿ, ಅಣ್ಣತಮ್ಮಂದಿರ ಪಾಲು ಮೊದಲಾದವುಗಳನ್ನು ಕುರಿತ ವ್ಯಾಜ್ಯಗಳಲ್ಲಿ ಎಷ್ಟೋ ರಾಜಿಯಿಂದಲೇ ಮುಗಿಯುವುವು. ರಾಜಿಯು ಶ್ಲಾಘ್ಯವಾದುದೇ ಸರಿ. ಆದರೆ ಒಂದೆರಡು ಮಳೆಗಾಲಗಳು ಕಳೆಯುವಷ್ಟರಲ್ಲಿ ಒಬ್ಬನು ಮಾತಿಗೆ ತಪ್ಪುವನು. ಮತ್ತೊಬ್ಬನು ಕೈಯಲ್ಲಿ ಕಾಗದವಿದ್ದೂ ಅದರ ಬಲವೆಷ್ಟೆಂಬುದನ್ನು ಅರಿಯದೆ, ಪುನಃ ಹೊಸ ದಾವೆ ಹೂಡಲು ಓಡಾಡುವನು, ಇಲ್ಲವೆ ಆಳುಗಳನ್ನು ಕರೆದೊಯ್ದು ತಾನೇ ಬೇಲಿಯನ್ನು ಕೀಳಿಸುವನು. ಮೊದಲನೆಯದರಿಂದ ಕಾಲವೂ ಹಣವೂ ವ್ಯರ್ಥ. ಎರಡನೆಯದರಿಂದ ನ್ಯಾಯ ತನ್ನ ಕಡೆಗಿದ್ದವನೇ ಫೌಜುದಾರಿ ಖಟ್ಲೆಯಲ್ಲಿ ಆಪಾದಿತನಾಗುವನು. ಇಂತಹ ಸಂದರ್ಭದಲ್ಲಿ ಅನುಸರಿಸತಕ್ಕ ಕ್ರಮವನ್ನು ಗ್ರಾಮದ ಮುಖಂಡರಿಗೂ ಭೂಮಾಲೀಕರಿಗೂ ತಿಳಿಸುವುದು ಈ ಲೇಖನದ ಉದ್ದೇಶವು.

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಯಾದಗಿರಿಯ ಸಮೀಪದ ಮುದನಾಳದ ಕಡೆಯ ಎರೆಭೂಮಿಯಲ್ಲಿ ಇಬ್ಬರು ದಾಯಾದಿಗಳ ಹೊಲಗಳು ಒತ್ತಿಗೆ ಒತ್ತಾಗಿವೆ. ಒಳಗಿನ ಹೊಲದವನಿಗೆ ಹೊರಗಿನವನ ಬದುವಿನ ಗುಂಟವೇ ದಾರಿ. ದಾವೆ ನಡೆದು, ನ್ಯಾಯಾಲಯದಲ್ಲಿ ರಾಜಿಯಾಗಿ, ಹೊರಗಿನವನು ಎರಡು ತಿಂಗಳೊಳಗಾಗಿ ಕಲ್ಲಿನ ಒಡ್ಡನ್ನು ತೆಗೆದು ದಾರಿ ಬಿಡತಕ್ಕದ್ದೆಂದೂ, ಮುಂದೆ ಅದಕ್ಕೆ ಅಡ್ಡಿಮಾಡಕೂಡದೆಂದೂ ಡಿಕ್ರಿಯಾಯಿತು. ಮುಂದಿನ ಮೃಗಶಿರಾ ಮಳೆ ಬಿದ್ದೊಡನೆ ಅವನು ದಾರಿಯನ್ನೇ ಉತ್ತು ತೊಗರಿ ಬಿತ್ತಿದನು. ಎರೆಮಣ್ಣು ನೆನೆದ ಮೇಲೆ ಬಂಡಿಗಾಗಲಿ ಟ್ರ್ಯಾಕ್ಟರಿಗಾಗಲಿ ಬೇರೆ ಕಡೆಯಿಂದ ಹಾದಿಯಿಲ್ಲ. ಬೀಜ ಗೊಬ್ಬರಗಳು ಮನೆಯಲ್ಲಿಯೇ ಉಳಿದು ಹಂಗಾಮು ಕೈಬಿಟ್ಟುಹೋಗುವುದು. ಈತನು ಈಗ ಮಾಡಬೇಕಾದುದೇನು?

ಮೊಟ್ಟಮೊದಲು ಕೈಯಲ್ಲಿರುವ ಕಾಗದವು ಯಾವ ಜಾತಿಯದೆಂಬುದನ್ನು ವಕೀಲರಿಂದ ಪರೀಕ್ಷಿಸಿಕೊಳ್ಳತಕ್ಕದ್ದು. ಊರ ಹಿರಿಯರ ಮುಂದೆ ಬರೆದ ರಾಜಿಪತ್ರವು ಕೇವಲ ಒಂದು ಕರಾರು. ಅದನ್ನು ನೇರವಾಗಿ ಅಮಲ್ಜಾರಿಗೆ ತರಲಾಗದು; ಕರಾರನ್ನು ನೆರವೇರಿಸಿಕೊಡಬೇಕೆಂದು ದಾವೆಯನ್ನೇ ಹೂಡಬೇಕು. 1963ರ ವಾಯಿದೆ ಕಾನೂನಿನ ಪ್ರಕಾರ ಅದಕ್ಕೆ ಅವಧಿಯು ಮೂರು ವರ್ಷ. ಕರಾರಿನಲ್ಲಿ ತಾರೀಖು ಗೊತ್ತಾಗಿದ್ದರೆ ಆ ತಾರೀಖಿನಿಂದ, ಇಲ್ಲದಿದ್ದರೆ ಎದುರಾಳಿಯು ಒಲ್ಲೆನೆಂದುದು ತಿಳಿದ ದಿನದಿಂದ. ಅಲ್ಲದೆ ನೂರು ರೂಪಾಯಿಗಳಿಗೆ ಕಡಿಮೆಯಿಲ್ಲದ ಸ್ಥಿರಾಸ್ತಿಯ ಹಕ್ಕನ್ನು ಆ ಕಾಗದವೇ ಹುಟ್ಟಿಸುವುದಾದರೆ ಅದು ರಿಜಿಸ್ಟರಾಗಿರಬೇಕು. ಸ್ಟಾಂಪು ಕಡಿಮೆಯಾಗಿದ್ದರೆ 1957ರ ಕರ್ನಾಟಕ ಸ್ಟಾಂಪು ಕಾನೂನಿನ ಮೇರೆಗೆ ಕೊರತೆಯ ಹಣವನ್ನೂ, ಅದರ ಹತ್ತು ಪಟ್ಟಿನ ದಂಡವನ್ನೂ ತೆತ್ತ ಹೊರತು ನ್ಯಾಯಾಲಯವು ಅದನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳದಿರಬಹುದು. ಹಿರಿಯರು ಕಲೆತು ಬರೆಸಿದುದರಿಂದಲೇ ಕಾಗದವು ಗಟ್ಟಿಯಾಯಿತೆಂಬ ನಂಬಿಕೆಯು ಅನೇಕ ಮನೆತನಗಳನ್ನು ಕೆಡಿಸಿದೆ.

ಎರಡನೆಯದು, ನಡೆಯುತ್ತಿರುವ ದಾವೆಯಲ್ಲಿ ಉಭಯ ಪಕ್ಷದವರೂ ಸಹಿ ಮಾಡಿ ಒಪ್ಪಿಸಿದ ರಾಜಿಯನ್ನು ನ್ಯಾಯಾಲಯವು ದಾಖಲು ಮಾಡಿಕೊಂಡು ಕೊಟ್ಟ ಡಿಕ್ರಿ. ಇದು 1908ರ ದಿವಾಣಿ ವ್ಯವಹಾರ ಸಂಹಿತೆಯ 23ನೆಯ ಆದೇಶದ 3ನೆಯ ನಿಯಮದಂತೆ ಆಗತಕ್ಕದ್ದು. ಮೂರನೆಯದು ಲೋಕ ಅದಾಲತಿನ ಐತೀರ್ಪು; 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾನೂನಿನ 21ನೆಯ ಕಲಮು ಇದಕ್ಕೂ ದಿವಾಣಿ ಡಿಕ್ರಿಯ ಬಲವನ್ನೇ ಕೊಟ್ಟಿದೆ ಮತ್ತು ಇದರ ಮೇಲೆ ಅಪೀಲಿಲ್ಲ. ಈ ಎರಡು ಬಗೆಯ ಕಾಗದವುಳ್ಳವರಿಗೆ ಹೊಸ ದಾವೆಯ ಅವಶ್ಯಕತೆಯೇ ಇಲ್ಲ. ಡಿಕ್ರಿಯ ನೆರವೇರಿಕೆಗೆ ಸಂಬಂಧಿಸಿ ಪಕ್ಷಗಾರರೊಳಗೆ ಹುಟ್ಟುವ ಪ್ರಶ್ನೆಗಳನ್ನು ಅಮಲ್ಜಾರಿ ನ್ಯಾಯಾಲಯವೇ ತೀರ್ಮಾನಿಸತಕ್ಕದ್ದೆಂದು ಸಂಹಿತೆಯ 47ನೆಯ ಕಲಮು ವಿಧಿಸಿರುವುದು. ರಾಜಿಯು ಮೋಸದಿಂದ ಆದುದೆಂದು ಎದುರಾಳಿಯು ತಕರಾರು ತೆಗೆದರೂ ಅದಕ್ಕಾಗಿ ಪ್ರತ್ಯೇಕ ದಾವೆ ಹೂಡಲು ಅವನಿಗೆ ಆಸ್ಪದವಿಲ್ಲ. ಡಿಕ್ರಿ ಕೊಟ್ಟ ನ್ಯಾಯಾಲಯದಲ್ಲಿಯೇ ಅವನು ಅದನ್ನು ಹೇಳಿಕೊಳ್ಳಬೇಕು.

ಇಲ್ಲಿ ಈ ಸೀಮೆಗೆ ವಿಶೇಷವಾದ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಯಾದಗಿರಿ, ಶಹಾಪುರ, ಸುರಪುರಗಳು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಾಗ ಆ ಸಂಸ್ಥಾನದ ಪ್ರತ್ಯೇಕ ಕಾನೂನುಗಳೇ ನಡೆಯುತ್ತಿದ್ದುವು. ಭಾರತದ ದಿವಾಣಿ ಸಂಹಿತೆಯು ಇಲ್ಲಿಗೆ ಅನ್ವಯಿಸಿದುದು 1951ನೆಯ ಇಸವಿ ಏಪ್ರಿಲ್ 1ರಿಂದ. ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಅದಕ್ಕೂ ಹಿಂದಿನ ಉರ್ದು ಫೈಸಲಾಗಳು ಇರಬಹುದು. ಅವುಗಳನ್ನು ಅಮಲ್ಜಾರಿಗೆ ತರುವ ಕಾಲವು ಎಂದೋ ಮೀರಿಹೋಯಿತು. ಆದರೂ ಅವು ಹಕ್ಕಿನ ಪುರಾವೆಯಾಗಿ ಉಪಯೋಗಕ್ಕೆ ಬರಬಹುದಾದುದರಿಂದ ಗೆದ್ದಲಿಗೆ ಒಪ್ಪಿಸತಕ್ಕುದಲ್ಲ.

ವಕೀಲರಲ್ಲಿಗೆ ಹೋಗುವಾಗ ಡಿಕ್ರಿಯ ಮತ್ತು ರಾಜಿ ಅರ್ಜಿಯ ದೃಢೀಕೃತ ನಕಲುಗಳು, ಪಹಣಿ, ಭೂಮಾಪನದ ನಕ್ಷೆ, ದಾರಿ ಉತ್ತಿರುವುದನ್ನು ತೋರಿಸುವ ತಾರೀಖು ಸಹಿತವಾದ ಛಾಯಾಚಿತ್ರಗಳು, ಎದುರಾಳಿಯೊಡನೆ ನಡೆದ ಪತ್ರವ್ಯವಹಾರ ಇವುಗಳನ್ನು ಒಯ್ಯತಕ್ಕದ್ದು. ಸಾಧಾರಣವಾಗಿ ವಕೀಲರು ಮೊದಲು ಅಂಚೆಯಲ್ಲಿ ಒಂದು ನೋಟೀಸು ಕಳುಹಿಸುವರು. ಇದು ಕಡ್ಡಾಯವೇನೂ ಅಲ್ಲ. ಆದರೆ ಎದುರಾಳಿಗೆ ಡಿಕ್ರಿಯಂತೆ ನಡೆಯಲು ಅವಕಾಶವಿದ್ದೂ ಅವನು ಬುದ್ಧಿಪೂರ್ವಕವಾಗಿ ನಡೆಯಲಿಲ್ಲವೆಂಬುದನ್ನು ತೋರಿಸುವುದಕ್ಕೆ ಇದು ಮುಂದೆ ಬಹಳ ಉಪಯುಕ್ತವಾಗುವುದು. ನೋಟೀಸಿಗೂ ಅವನು ಮಣಿಯದಿದ್ದರೆ 21ನೆಯ ಆದೇಶದಂತೆ ಅಮಲ್ಜಾರಿ ಅರ್ಜಿಯನ್ನು ಸಲ್ಲಿಸುವುದು. ಡಿಕ್ರಿಯಾಗಿ ಎರಡು ವರ್ಷಗಳು ಮೀರಿದ್ದರೆ ನ್ಯಾಯಾಲಯವು ಅವನಿಗೆ ಕಾರಣ ಕೇಳುವ ನೋಟೀಸನ್ನು ಹೊರಡಿಸುವುದು.

ನ್ಯಾಯಾಲಯದ ಅಧಿಕಾರವು ಡಿಕ್ರಿಯ ಸ್ವರೂಪವನ್ನು ಅನುಸರಿಸಿ ಬೇರೆಬೇರೆಯಾಗಿರುವುದು. ಜಮೀನು ಬಿಟ್ಟುಕೊಡತಕ್ಕದ್ದಾಗಿದ್ದರೆ ಅಮೀನನ ಮೂಲಕ ಕಬ್ಜಾ ಕೊಡಿಸುವುದು. ಕ್ರಯಪತ್ರ ಬರೆದುಕೊಡತಕ್ಕದ್ದಾಗಿದ್ದು ಅವನು ಬಾರದಿದ್ದರೆ ಅವನ ಪರವಾಗಿ ನ್ಯಾಯಾಲಯವೇ ಬರೆದುಕೊಡುವುದು. ನಮ್ಮ ದೃಷ್ಟಾಂತದಲ್ಲಿರುವಂತೆ ಅಡ್ಡಿಮಾಡಕೂಡದೆಂಬ ಡಿಕ್ರಿಯನ್ನು ಮೀರಿದವನ ಆಸ್ತಿಯನ್ನು ಜಪ್ತಿ ಮಾಡಬಹುದು, ಅವನನ್ನು ದಿವಾಣಿ ಕಾರಾಗೃಹದಲ್ಲಿಡಬಹುದು; ಒಡ್ಡನ್ನು ಡಿಕ್ರೀದಾರನಿಂದಲೋ ನೇಮಿಸಿದ ಇನ್ನೊಬ್ಬನಿಂದಲೋ ತೆಗೆಯಿಸಿ ಅದರ ವೆಚ್ಚವನ್ನು ತಪ್ಪಿದವನಿಂದ ವಸೂಲು ಮಾಡಬಹುದು. ರೈತನಿಗೆ ಈ ಕೊನೆಯ ಮಾರ್ಗವೇ ಹೆಚ್ಚು ಪ್ರಯೋಜನಕರವೆಂದು ನಮ್ಮ ಅಭಿಪ್ರಾಯ. ಎದುರಾಳಿಯು ಸೆರೆಮನೆಗೆ ಹೋದ ಮಾತ್ರಕ್ಕೆ ದಾರಿ ತೆರೆಯಲಾರದು. ಹಣದ ಡಿಕ್ರಿಯಾದರೆ ಜಪ್ತಿಯುಂಟು. ಆದರೆ ಒಕ್ಕಲುತನದಿಂದ ಜೀವಿಸುವವನಿಗೆ ಅಗತ್ಯವಾದ ಬೇಸಾಯದ ಉಪಕರಣಗಳನ್ನೂ, ದನಗಳನ್ನೂ, ಬಿತ್ತನೆಯ ಬೀಜವನ್ನೂ ಜಪ್ತಿ ಮಾಡಲಾಗದೆಂದು 60ನೆಯ ಕಲಮಿನಲ್ಲಿದೆ.

ಡಿಕ್ರಿ ಮೀರಿದರೆ ನ್ಯಾಯಾಲಯದ ನಿಂದನೆಯಾಗುವುದೆಂದು ಕೆಲವರು ಹೆದರಿಸುವುದುಂಟು. ಪಕ್ಷಗಾರನು ನ್ಯಾಯಾಲಯಕ್ಕೆ ಸ್ಪಷ್ಟವಾದ ಮುಚ್ಚಳಿಕೆ ಕೊಟ್ಟಿರದಿದ್ದರೆ, ಕೇವಲ ರಾಜಿ ಡಿಕ್ರಿಯನ್ನು ಮೀರಿದುದರಿಂದ ನಿಂದನೆಯಾಗದೆಂದು ಸರ್ವೋಚ್ಚ ನ್ಯಾಯಾಲಯವು 1979ರಲ್ಲಿ ತೀರ್ಮಾನಿಸಿರುವುದು.

ಅವಧಿಯ ವಿಷಯದಲ್ಲಿ ಎಚ್ಚರಿಕೆಯು ಅತ್ಯಾವಶ್ಯಕ. ಡಿಕ್ರಿಗೆ ಹನ್ನೆರಡು ವರ್ಷ ಆಯುಸ್ಸೆಂಬ ಮಾತು ಹಳ್ಳಿಗಳಲ್ಲಿ ಪ್ರಚಾರದಲ್ಲಿದೆ. ಹಣಕ್ಕೂ ಕಬ್ಜಕ್ಕೂ ಅದು ನಿಜ. ಆದರೆ ಒಡ್ಡನ್ನು ತೆಗೆಯತಕ್ಕದ್ದು, ಕಾಲುವೆಯನ್ನು ಮುಚ್ಚತಕ್ಕದ್ದು ಎಂಬಂತೆ ಒಂದು ಕೆಲಸವನ್ನು ಮಾಡುವಂತೆ ಆಜ್ಞಾಪಿಸುವ ಡಿಕ್ರಿಗೆ ಮೂರೇ ವರ್ಷ. ಗಡುವಿನ ತಾರೀಖು ಇದ್ದರೆ ಅಲ್ಲಿಂದ ಎಣಿಕೆ. ಇನ್ನು ಮುಂದೆ ಅಡ್ಡಿಮಾಡಕೂಡದೆಂಬ ಶಾಶ್ವತ ನಿರ್ಬಂಧದ ಡಿಕ್ರಿಗೆ ಅವಧಿಯ ಕಟ್ಟೇ ಇಲ್ಲ. ಆದುದರಿಂದ ನಮ್ಮ ದೃಷ್ಟಾಂತದ ಒಂದೇ ಡಿಕ್ರಿಯಲ್ಲಿ ಎರಡು ಅವಧಿಗಳಿರುವುವು. ದಾಯಾದಿಯಲ್ಲವೇ ಎಂಬ ದಾಕ್ಷಿಣ್ಯದಿಂದ ನಾಲ್ಕು ವರ್ಷ ಸುಮ್ಮನಿದ್ದವನಿಗೆ ಒಡ್ಡು ತೆಗೆಯಿಸುವ ಹಕ್ಕು ಕೈತಪ್ಪಿರುವುದು. ಎದುರಾಳಿಯು ತೀರಿಕೊಂಡರೆ ಡಿಕ್ರಿಯೂ ತೀರಿತೆಂಬುದು ಮಾತ್ರ ತಪ್ಪು ಕಲ್ಪನೆ. ಆಸ್ತಿಗೆ ಸಂಬಂಧಿಸಿದ ಶಾಶ್ವತ ನಿರ್ಬಂಧದ ಡಿಕ್ರಿಯನ್ನು ವಾರಸುದಾರರ ಮೇಲೂ ನಡೆಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಹೇಳಿದೆ.

ಡಿಕ್ರಿಯಾದ ಮೇಲೆ ಕಟ್ಟೆಯ ಮೇಲೆ ಕುಳಿತು ಮಾಡಿಕೊಳ್ಳುವ ಹೊಸ ಒಪ್ಪಂದಗಳೂ ಅಪಾಯಕರ. ನ್ಯಾಯಾಲಯದ ಹೊರಗೆ ಹಣ ಕೊಟ್ಟರೂ ಬದಲಿ ಒಪ್ಪಂದ ಮಾಡಿಕೊಂಡರೂ ಅದನ್ನು ನ್ಯಾಯಾಲಯದಲ್ಲಿ ದಾಖಲು ಮಾಡಿಸದಿದ್ದರೆ ಅಮಲ್ಜಾರಿ ನ್ಯಾಯಾಲಯವು ಅದನ್ನು ಪರಿಗಣಿಸದು. ಕೊಟ್ಟವನು ದಾಖಲು ಮಾಡಿಸಲು ಇರುವ ಅವಧಿಯು ಮೂವತ್ತೇ ದಿನ.

ಇಷ್ಟೆಲ್ಲ ತೊಂದರೆಗೆ ಮೂಲವು ಬಹುಶಃ ರಾಜಿಯ ಬರವಣಿಗೆಯಲ್ಲಿಯೇ ಇರುವುದು. ಅಮಲ್ಜಾರಿ ನ್ಯಾಯಾಲಯವು ಡಿಕ್ರಿಯ ಹಿಂದಕ್ಕೆ ಹೋಗಲಾರದು, ಅದರಲ್ಲಿಲ್ಲದುದನ್ನು ಸೇರಿಸಲೂ ಆರದು. "ರೂಢಿಯಂತೆ ದಾರಿ ಬಿಡತಕ್ಕದ್ದು" ಎಂದು ಬರೆದರೆ ಎಷ್ಟು ಅಡಿ ಅಗಲ, ಯಾವ ದಿಕ್ಕಿನ ಬದು, ಬಂಡಿಗೋ ಬರಿಯ ಕಾಲ್ನಡಿಗೆಗೋ ಎಂಬ ವಾದವು ಮೊದಲಿನಿಂದ ಹುಟ್ಟುವುದು. ಸರ್ವೆ ನಂಬರು, ಹಿಸ್ಸೆ, ಚಕ್ಕುಬಂದಿ, ಅಗಲ, ಗಡುವಿನ ತಾರೀಖು, ತಪ್ಪಿದಲ್ಲಿ ತೆರಬೇಕಾದ ಹಣ ಇಷ್ಟನ್ನೂ ಬರೆಯಿಸಿ, ನಕ್ಷೆಗೆ ಇಬ್ಬರ ಸಹಿಯನ್ನೂ ಹಾಕಿಸಿ ರಾಜಿಗೆ ಲಗತ್ತಿಸತಕ್ಕದ್ದು. ದಾವೆಯಲ್ಲಿಲ್ಲದ ಬೇರೆ ಜಮೀನನ್ನು ರಾಜಿಯಲ್ಲಿ ಸೇರಿಸಿದರೆ, ಅಷ್ಟರಮಟ್ಟಿಗೆ ಡಿಕ್ರಿಯನ್ನು ರಿಜಿಸ್ಟರು ಮಾಡಿಸಬೇಕಾಗುವುದೆಂಬುದನ್ನೂ ವಕೀಲರಲ್ಲಿ ಕೇಳಿ ತಿಳಿಯತಕ್ಕದ್ದು. ಪಾಲಿನ ಡಿಕ್ರಿಯಾದರೆ ದೃಢೀಕೃತ ನಕಲನ್ನು ಕೊಟ್ಟು ಪಹಣಿಯಲ್ಲಿ ಹೆಸರು ಬದಲಾಯಿಸಿಕೊಳ್ಳುವುದನ್ನು ಮರೆಯಬಾರದು.

ವಕೀಲರ ವೆಚ್ಚಕ್ಕೆ ಹೆದರುವವರಲ್ಲಿ ಸ್ತ್ರೀಯರಿಗೂ, ಪರಿಶಿಷ್ಟ ಜಾತಿ ಪಂಗಡಗಳವರಿಗೂ ಅವರ ಆದಾಯವೆಷ್ಟೇ ಇರಲಿ 1987ರ ಕಾನೂನಿನಂತೆ ಉಚಿತವಾಗಿ ವಕೀಲರ ನೆರವು ದೊರೆಯುವುದು. ಉಳಿದವರಲ್ಲಿ ಅನೇಕರಿಗೆ ನಿಗದಿಯಾದ ಆದಾಯದ ಮಿತಿಯೊಳಗೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಬರೆದ ಅರ್ಜಿಯನ್ನು ಆಯಾ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲಿ ಕೊಡಬಹುದು.