ಮಕ್ಕಳಿಗೆ ಕೂಡುವ ಲೆಕ್ಕವನ್ನು ಮನೆಯಲ್ಲಿ ಕಲಿಸುವ ಕ್ರಮ



ನಮ್ಮ ಹಳ್ಳಿಯ ಮನೆಗಳಲ್ಲಿ ಬೆಳಗಾದಲ್ಲಿಂದ ರಾತ್ರಿಯ ತನಕ ಲೆಕ್ಕವು ನಡೆಯುತ್ತಲೇ ಇರುವದು. ಬೆಳಿಗ್ಗೆ ಸಂಘಕ್ಕೆ ಹಾಕಿದ ಹಾಲೆಷ್ಟು, ಸಾಯಂಕಾಲ ಹಾಕಿದ್ದೆಷ್ಟು; ವಾರದ ಕೂಲಿಯೆಷ್ಟು, ಅಂಗಡಿಯ ಬಾಕಿಯೆಷ್ಟು; ರೇಷ್ಮೆಗೂಡು ಎಷ್ಟು ತೂಗಿತು ಎಂಬಿವೆಲ್ಲವೂ ಲೆಕ್ಕಗಳೇ. ಕೂಡಲರಿಯದವನು ಬೇರೊಬ್ಬನ ಬಾಯಿಮಾತನ್ನೇ ನಂಬಿ, ಕೊಟ್ಟ ಹಣವನ್ನು ಎಣಿಸದೆ ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ಬರಬೇಕಾಗುವದು. ಆದಕಾರಣ ಕೂಡುವ ಲೆಕ್ಕವನ್ನು ಚಿಕ್ಕ ಮಕ್ಕಳಿಗೆ ಹೇಗೆ ಅಭ್ಯಾಸ ಮಾಡಿಸತಕ್ಕದ್ದೆಂಬದನ್ನು ಈ ತಿಂಗಳು ವಿಚಾರಿಸೋಣ.

ಮೊದಲು ನಮ್ಮ ತಪ್ಪೊಂದನ್ನು ಹೇಳುವೆವು. ಕೆಲವು ವರುಷಗಳ ಹಿಂದೆ ನಾವು ಒಂದು ಹಳ್ಳಿಯಲ್ಲಿ ಸಾಯಂಕಾಲ ಮಕ್ಕಳಿಗೆ ಪಾಠ ಹೇಳುತ್ತಿದ್ದಾಗ, ಏಳು ವರುಷದ ಬಾಲಕನೊಬ್ಬನು ಒಂದರಿಂದ ನೂರರ ವರೆಗೆ ತಡೆಯಿಲ್ಲದೆ ಹೇಳಿದನು. ನಾವು ಎಲ್ಲರ ಮುಂದೆ ಅವನನ್ನು ಹೊಗಳಿದೆವು. ಬಳಿಕ 8 ಹುಣಿಸೆಬೀಜಗಳನ್ನು ತಾ ಎಂದಾಗ ಅವನು ಒಂದು ಹಿಡಿ ಬೀಜಗಳನ್ನು ತಂದು ನಮ್ಮ ಮುಂದೆ ಸುರಿದನು. ಇದನ್ನು ಉಡಾಫೆಯೆಂದು ತಿಳಿದು ಗದರಿಸಿದೆವು. ಉಳಿದ ಮಕ್ಕಳು ನಕ್ಕರು. ಮೂರು ದಿವಸ ಅವನು ಪಾಠಕ್ಕೆ ಬರಲಿಲ್ಲ. ಅವನಿಗೆ ಸಂಖ್ಯೆಗಳ ಹೆಸರುಗಳು ಹಾಡಿನಂತೆ ಬರುತ್ತಿದ್ದವು. ಒಂದೊಂದು ಹೆಸರಿಗೆ ಒಂದೊಂದು ಬೀಜವೆಂಬದನ್ನು ಯಾರೂ ತೋರಿಸಿರಲಿಲ್ಲ. ನಾಲ್ಕನೆಯ ದಿವಸ ನಾವೇ ಅವನ ಮನೆಗೆ ಹೋಗಿ, ಜಗಲಿಯ ಮೇಲೆ ಕೂತು, ಅದೇ ಬೀಜಗಳಿಂದ ಪುನಃ ಆರಂಭಿಸಿದೆವು. ಆ ಜಗಲಿಯಲ್ಲಿ ಕಲಿತದ್ದನ್ನೇ ಕೆಳಗೆ ಬರೆಯುತ್ತೇವೆ.

1. ಎಣಿಸುವದು. ಮಗುವು ಬೀಜವನ್ನು ಮುಟ್ಟಿ ಪಕ್ಕಕ್ಕೆ ಸರಿಸುತ್ತಾ ಒಂದು, ಎರಡು, ಮೂರು ಎನ್ನಲಿ. ಮುಗಿದ ಮೇಲೆ “ಒಟ್ಟು ಎಷ್ಟು?” ಎಂದು ಕೇಳಬೇಕು. ಕಡೆಗೆ ಹೇಳಿದ ಹೆಸರೇ ಒಟ್ಟಿನ ಹೆಸರೆಂದು ತಿಳಿಯದ ಮಗುವು ಮತ್ತೆ ಮೊದಲಿನಿಂದ ಎಣಿಸುವದು. ಅದೇ ಬೀಜಗಳನ್ನು ಹರಡಿಯೂ ಗುಂಪಾಗಿಯೂ ಇಟ್ಟು ಕೇಳಿರಿ. ಎಣಿಸದೆಯೇ “ಅಷ್ಟೇ ಇವೆ” ಎಂದು ಹೇಳುವ ದಿವಸ ಈ ಮೆಟ್ಟಿಲು ಮುಗಿಯಿತೆಂದು ತಿಳಿಯಬಹುದು.

2. ಕೂಡುವದು. ಒಂದು ತಟ್ಟೆಯಲ್ಲಿ 3, ಮತ್ತೊಂದರಲ್ಲಿ 4 ಬೀಜಗಳನ್ನಿಟ್ಟು, ಎರಡನ್ನೂ ಒಂದು ಮೊರಕ್ಕೆ ಸುರಿದು ಎಣಿಸಲಿ. ಬೆಳಿಗ್ಗೆ 3 ಲೀಟರು, ಸಾಯಂಕಾಲ 4 ಲೀಟರು, ಒಟ್ಟು 7 ಲೀಟರು ಹಾಲು ಎಂದು ಮನೆಯ ಮಾತಿಗೆ ಅದನ್ನು ಜೋಡಿಸಿರಿ. ತಟ್ಟೆಗಳನ್ನು ಅದಲುಬದಲು ಮಾಡಿದರೂ ಮೊತ್ತವು ಬದಲಾಗದೆಂಬದನ್ನು ಅದು ತಾನೇ ಕಂಡುಕೊಳ್ಳಲಿ.

3. ದೊಡ್ಡದರಿಂದ ಮುಂದಕ್ಕೆ ಹೋಗುವದು. 2ಕ್ಕೆ 9ನ್ನು ಕೂಡಬೇಕಾದರೆ ಮಗುವು ಎಲ್ಲವನ್ನೂ ಒಂದರಿಂದ ಎಣಿಸುವದು. ಒಂಬತ್ತನ್ನು ಮನಸ್ಸಿನಲ್ಲಿಟ್ಟು ಹತ್ತು, ಹನ್ನೊಂದು ಎಂದು ಮುಂದಕ್ಕೆ ಹೋಗುವದನ್ನು ಆಗ ತೋರಿಸಬೇಕು. ಬೆರಳುಗಳನ್ನು ಉಪಯೋಗಿಸಿದರೆ ಬೈಯಬೇಡಿರಿ. ನಮ್ಮ ಹಿರಿಯರು ಹೆಬ್ಬೆರಳಿನಿಂದ ಉಳಿದ ನಾಲ್ಕು ಬೆರಳುಗಳ ಗೆರೆಗಳನ್ನು ಮುಟ್ಟಿ ಒಂದೇ ಕೈಯಲ್ಲಿ 12ರ ವರೆಗೆ ಎಣಿಸುತ್ತಿದ್ದರಲ್ಲವೇ?

4. ಹತ್ತನ್ನು ಕಟ್ಟುವದು. 8ಕ್ಕೆ 5ನ್ನು ಕೂಡುವಾಗ ಐದರಿಂದ ಎರಡನ್ನು ತೆಗೆದು ಎಂಟಕ್ಕೆ ಸೇರಿಸಿದರೆ ಹತ್ತು, ಉಳಿದದ್ದು ಮೂರು, ಒಟ್ಟು 13. ಇದರಲ್ಲಿ ನಮ್ಮ ಭಾಷೆಯೇ ನಮಗೆ ಸಹಾಯಮಾಡುವದು. ಹೇಗಂದರೆ, ಹದಿಮೂರು ಎಂಬ ಮಾತಿನೊಳಗೆ ಹತ್ತೂ ಮೂರೂ ಇವೆ; ಇಪ್ಪತ್ತು ಎಂಬದರಲ್ಲಿ ಎರಡು ಹತ್ತುಗಳಿವೆ. ಕಡ್ಡಿಗಳನ್ನು ಹತ್ತು ಹತ್ತಾಗಿ ನಾರಿನಿಂದ ಕಟ್ಟಿ ಕಂತೆಮಾಡಿದರೆ, 13 ಎಂದು ಬರೆಯುವಲ್ಲಿ ಎಡಗಡೆಯ 1 ಒಂದು ಕಡ್ಡಿಯಲ್ಲ, ಒಂದು ಕಂತೆ ಎಂಬದು ಮಗುವಿಗೆ ಕಣ್ಣಾರೆ ಕಾಣುವದು.

ಹಿಂದಿನ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಬರೆದು, ಮಗ್ಗಿಗಳನ್ನು ಒಕ್ಕೊರಲಿನಿಂದ ಒಪ್ಪಿಸುತ್ತಿದ್ದರು. ಬಾಯಿಪಾಠವನ್ನು ನಾವು ಹಳಿಯುವದಿಲ್ಲ. ಅದು ವೇಗವನ್ನು ಕೊಡುವದು. ಆದರೆ ಅರ್ಥವು ಮುಂದೆ, ಬಾಯಿಪಾಠವು ಹಿಂದೆ ನಡೆಯಬೇಕು. ಈಗಿನ ಶಾಲೆಗಳೂ ಈ ದಾರಿಯನ್ನೇ ಹಿಡಿದಿವೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಕ್ರಮವು 2009-10ರಲ್ಲಿ ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆ ವಿಸ್ತರಿಸಿತು. ಬೆಂಗಳೂರಿನಲ್ಲಿ 2000ರಲ್ಲಿ ಸ್ಥಾಪಿತವಾದ ಅಕ್ಷರ ಫೌಂಡೇಶನ್ ಎಂಬ ಸಂಸ್ಥೆಯು ಮಣಿಚೌಕಟ್ಟು, ಹತ್ತರ ಕಟ್ಟುಗಳು, ಆಟದ ನಾಣ್ಯಗಳು ಮೊದಲಾದ ಸಾಮಾನುಗಳಿಂದ ಗಣಿತ ಕಲಿಸುವ ಪ್ರಯೋಗವನ್ನು ನಮ್ಮ ಹೊಸಕೋಟೆ ತಾಲ್ಲೂಕಿನ ಸರಕಾರಿ ಶಾಲೆಗಳಲ್ಲಿ ಮಾಡಿನೋಡಿ, ಆ ಮೇಲೆ ಗಣಿತ ಕಲಿಕಾ ಆಂದೋಲನವೆಂಬ ಹೆಸರಿನಿಂದ ಸರಕಾರದೊಡನೆ ಬೇರೆ ಜಿಲ್ಲೆಗಳಿಗೂ ಒಯ್ದಿತು. ಕೇಂದ್ರ ಸರಕಾರವು 2021ನೆಯ ಜುಲೈ 5ರಂದು ಆರಂಭಿಸಿದ ನಿಪುಣ್ ಭಾರತವೆಂಬ ಕಾರ್ಯವು, ಮೂರನೆಯ ತರಗತಿ ಮುಗಿಯುವದರೊಳಗೆ ಪ್ರತಿ ಮಗುವೂ ಅರ್ಥವರಿತು ಓದಲೂ ಸಾಮಾನ್ಯ ಲೆಕ್ಕಮಾಡಲೂ ಶಕ್ತವಾಗಬೇಕೆಂಬ ಗುರಿಯನ್ನಿಟ್ಟಿದೆ. ಇವೆಲ್ಲವುಗಳ ಕ್ರಮವು ಒಂದೇ: ಮೊದಲು ಕೈಗೆ ವಸ್ತು, ಬಳಿಕ ಕಣ್ಣಿಗೆ ಚಿತ್ರ, ಕಡೆಗೆ ಹಲಗೆಗೆ ಅಂಕೆ.

ಸಾಮಾನು ಕೊಳ್ಳಲು ನಮ್ಮಲ್ಲಿ ಹಣವಿಲ್ಲವೆಂದು ಕೆಲವರು ಹೇಳಬಹುದು. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಖಾಲಿ ಉರುಳೆಗಳಿಲ್ಲವೇ? ದೇವನಹಳ್ಳಿಯ ಚಕ್ಕೋತವನ್ನು ಸುಲಿದರೆ ಎಣಿಸಲು ತೊಳೆಗಳಿಲ್ಲವೇ? ನೆಲಮಂಗಲದ ಹೊಲದಲ್ಲಿ ಅವರೆಕಾಳುಗಳಿಲ್ಲವೇ? ಅಳಗುಳಿಮಣೆಯಲ್ಲಿ ಸಾಲಿಗೆ 7ರಂತೆ ಎರಡು ಸಾಲು ಗುಳಿಗಳಿವೆ. ಚೌಕಾಬಾರದಲ್ಲಿ 8 ಬಿದ್ದು, ಮತ್ತೊಂದು ಸಲ ಹಾಕಿದಾಗ 3 ಬಿದ್ದರೆ ಕಾಯಿ ಎಷ್ಟು ಮನೆ ನಡೆಯಿತೆಂದು ಕೇಳಿದರೆ ಅದೇ ಪಾಠವಾಯಿತು.

ಮೂರು ಎಚ್ಚರಿಕೆಗಳನ್ನು ಮನಸ್ಸಿನಲ್ಲಿಡತಕ್ಕದ್ದು. ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಮಗುವು ದಣಿಯುವ ಮೊದಲೇ ನಿಲ್ಲಿಸಿರಿ. ಉತ್ತರವು ತಪ್ಪಾದರೆ “ಹೇಗೆ ಮಾಡಿದಿ, ತೋರಿಸು” ಎನ್ನಿರಿ. ತೋರಿಸುವಾಗ ಹಲವು ಸಾರಿ ತಪ್ಪು ತಾನೇ ಹೊರಬೀಳುವದು. ಹೆಣ್ಣು ಮಗುವಿಗೆ ಲೆಕ್ಕ ಯಾಕೆಂಬ ಮಾತನ್ನು ಮನೆಯಲ್ಲಿ ಆಡಲೇಬಾರದು. ಯಾಕಂದರೆ ಸಂತೆಯಲ್ಲಿ ಚಿಲ್ಲರೆ ಎಣಿಸಿಕೊಳ್ಳುವವಳು ಹೆಚ್ಚಾಗಿ ಅವಳೇ.

ನಾವು ಓದು ಬರಹ ಅರಿಯದವರು, ಕಲಿಸುವದು ಹೇಗೆ ಎಂದು ಹೇಳುವ ತಾಯಿತಂದೆಗಳಿಗೆ ಒಂದು ಮಾತು. ಆ ಬಾಲಕನ ಜಗಲಿಯಲ್ಲಿ ಅವನ ತಾಯಿಯೂ ಸೊಪ್ಪು ಸೋಸುತ್ತಾ ಕೂತಿದ್ದಳು. ಮೊದಲು ಸುಮ್ಮನೆ ಕೇಳಿದಳು. ಒಂದು ವಾರವಾದ ಮೇಲೆ ಬೀಜಗಳನ್ನು ತಾನೇ ಸರಿಸಿದಳು. ತಿಂಗಳು ಕಳೆದ ಬಳಿಕ ಹಾಲಿನ ಚೀಟಿಯನ್ನು ಮಗನ ಕೈಗೆ ಕೊಟ್ಟು, ಅವನು ಕೂಡುವಾಗ ಗೋಡೆಯ ಪಕ್ಕದಲ್ಲಿ ತಾನೂ ಬೆರಳ ಗೆರೆಗಳನ್ನು ಮುಟ್ಟುತ್ತಾ ಕೂಡುತ್ತಿದ್ದಳು. ಇಬ್ಬರ ಉತ್ತರವೂ ಒಂದೇ ಆಗುವ ತನಕ ಚೀಟಿಯನ್ನು ಮಡಚುತ್ತಿರಲಿಲ್ಲ.

ಈ ವಾರ ಮನೆಯಲ್ಲಿ ಕೇಳತಕ್ಕ ಪ್ರಶ್ನೆಗಳು:
1. ಹಟ್ಟಿಯಲ್ಲಿ 6 ಕೋಳಿಗಳಿವೆ; ಇನ್ನು 3 ಬಂದವು. ಈಗ ಎಷ್ಟು?
2. 7ಕ್ಕೆ ಎಷ್ಟು ಸೇರಿಸಿದರೆ 10 ಆಗುವದು?
3. 9 ರೂಪಾಯಿಯ ಬೆಲ್ಲ, 6 ರೂಪಾಯಿಯ ಉಪ್ಪು ಕೊಂಡರೆ ಕೊಡತಕ್ಕದ್ದೆಷ್ಟು? ಹತ್ತನ್ನು ಕಟ್ಟಿ ತೋರಿಸು.