ಮರದ ಬೆಂಚು ಮತ್ತು ಹದಿನಾಲ್ಕು ಅಜ್ಜಿಯರು

ಎಚ್.ಐ.ವಿ. ಸೋಂಕಿಗೆ ಇಂದು ಗುಳಿಗೆಯುಂಟು. ದಿನವೂ ತಪ್ಪದೆ ಸೇವಿಸಿದಲ್ಲಿ ರೋಗಿಯು ಬಹುಕಾಲ ಬಾಳಬಲ್ಲನು. ಆದರೆ ಬಾಳುವ ಆಸೆಯೇ ಬತ್ತಿದವನಿಗೆ ಗುಳಿಗೆ ನುಂಗುವ ಮನಸ್ಸು ಎಲ್ಲಿಂದ ಬರಬೇಕು? ಖಿನ್ನತೆಯು ಈ ರೋಗಿಗಳಲ್ಲಿ ಇತರರಿಗಿಂತ ಹೆಚ್ಚು. ಖಿನ್ನನಾದವನು ಮದ್ದನ್ನು ಬಿಡುವ ಸಂಭವವೂ ಹೆಚ್ಚು. ಇದಕ್ಕೆ ಮಾತಿನಿಂದಲೇ ಚಿಕಿತ್ಸೆ ನಡೆಯಿಸಿದ ಒಂದು ಪ್ರಯೋಗವನ್ನು ವಾಚಕರ ಮುಂದಿಡಬಯಸುತ್ತೇನೆ.

ಆಫ್ರಿಕದ ಜಿಂಬಾಬ್ವೆಯಲ್ಲಿ ಮನೋವೈದ್ಯರು ಬೆರಳೆಣಿಕೆಯಷ್ಟು ಮಂದಿ. ಅವರಲ್ಲೊಬ್ಬರಾದ ಡಾ. ಡಿಕ್ಸನ್ ಚಿಬಾಂಡ ಅವರ ರೋಗಿಯೊಬ್ಬಳು 2005ರಲ್ಲಿ ಆತ್ಮಹತ್ಯೆ ಮಾಡಿಕೊಂಡಳು. ಆಸ್ಪತ್ರೆಗೆ ಬರಲು ಅವಳಲ್ಲಿ ಬಸ್ಸಿನ ಹಣವಿರಲಿಲ್ಲ. ರೋಗಿ ಬರಲಾರಳಾದರೆ ಚಿಕಿತ್ಸೆಯೇ ಅವಳ ಕೇರಿಗೆ ಹೋಗಬೇಕೆಂದು ವೈದ್ಯರು ನಿಶ್ಚಯಿಸಿದರು. 2006ರಲ್ಲಿ ಹರಾರೆ ನಗರದ ಮ್ಬಾರೆ ಎಂಬ ಬಡವರ ಬಡಾವಣೆಯಲ್ಲಿ ಅವರಿಗೆ ದೊರೆತವರು 14 ಜನ ಅಜ್ಜಿಯರು. ದೊರೆತ ಸ್ಥಳ ಕ್ಲಿನಿಕ್ಕಿನ ಹೊರಗಣ ಅಂಗಳ. ಅಲ್ಲಿಯೇ ಮರದ ಬೆಂಚು ಹಾಕಿಸಿದರು. ಅದಕ್ಕೆ 'ಸ್ನೇಹದ ಬೆಂಚು' ಎಂದು ಹೆಸರಾಯಿತು.

ಅಜ್ಜಿಯರು ವೈದ್ಯಶಾಸ್ತ್ರದ ಹೆಸರುಗಳನ್ನು ಬಳಸುವುದಿಲ್ಲ. ಅವರ ಶೋನಾ ನುಡಿಯಲ್ಲಿ 'ಕುಫುಂಗಿಸಿಸಾ' ಎಂಬ ಮಾತುಂಟು. ಅತಿಯಾಗಿ ಯೋಚಿಸುವುದು ಎಂದರ್ಥ. ನಮ್ಮೂರಿನಲ್ಲಿಯೂ "ಅವನಿಗೆ ಯೋಚನೆ ಹತ್ತಿದೆ" ಎನ್ನುತ್ತಾರೆ. ಖಿನ್ನತೆ ಎಂಬ ಶಬ್ದವನ್ನು ಕಾಲೇಜಿಗೆ ಬರುವ ತನಕ ನಾನು ಕೇಳಿರಲಿಲ್ಲ.

ಬೆಂಚಿನಲ್ಲಿ ಕುಳಿತವಳು ತನ್ನ ಕಷ್ಟಗಳನ್ನೆಲ್ಲ ಹೇಳಿಕೊಳ್ಳುತ್ತಾಳೆ: ಸೋಂಕು, ಗಂಡನ ಸಿಟ್ಟು, ಮನೆ ಬಾಡಿಗೆ, ಮಗುವಿನ ಶಾಲೆಯ ಫೀಜು. ಇದನ್ನು 'ಮನಸ್ಸು ತೆರೆಯುವುದು' ಎನ್ನುತ್ತಾರೆ. ಬಳಿಕ ಅಜ್ಜಿ ಕೇಳುವುದು ಒಂದೇ: ಇವುಗಳಲ್ಲಿ ಮೊದಲು ಯಾವುದನ್ನು ಹಿಡಿಯೋಣ? ಆರಿಸತಕ್ಕವಳು ರೋಗಿಯೇ. ಆ ಒಂದು ಕಷ್ಟಕ್ಕೆ ಈ ವಾರ ಮಾಡಬಹುದಾದ ಸಣ್ಣ ಕೆಲಸವನ್ನು ಅವಳೇ ಯೋಚಿಸಿ ಹೇಳಬೇಕು. ಮುಂದಿನ ಸಲ ಬಂದಾಗ, ಆಯಿತೇ, ಆಗದಿದ್ದರೆ ಏಕಾಗಲಿಲ್ಲ ಎಂಬ ವಿಚಾರಣೆ. ಹೀಗೆ ಆರು ಭೇಟಿಗಳು. ಅಜ್ಜಿ ಬುದ್ಧಿವಾದ ಹೇಳಕೂಡದು! ಇದೇ ಅತ್ಯಂತ ಕಠಿನವೆಂದು ನನಗೆ ತೋರುತ್ತದೆ. ನಮ್ಮ ಅಜ್ಜಿಯಾಗಿದ್ದರೆ ಮೊದಲ ಮಾತಿಗೇ ಹತ್ತು ಬುದ್ಧಿ ಹೇಳಿಬಿಡುತ್ತಿದ್ದಳು.

ಇದರ ಪರೀಕ್ಷೆಯೂ ನಡೆಯಿತು. ಹರಾರೆಯ 24 ಕ್ಲಿನಿಕ್ಕುಗಳಲ್ಲಿ 573 ಜನರನ್ನು ಸೇರಿಸಿಕೊಂಡು ನಡೆಸಿದ ಅಧ್ಯಯನದ ಫಲ 2016ರಲ್ಲಿ ಪ್ರಕಟವಾಯಿತು. ಅವರಲ್ಲಿ ಹತ್ತರಲ್ಲಿ ನಾಲ್ವರಿಗೆ ಎಚ್.ಐ.ವಿ. ಇತ್ತು. ಆರು ತಿಂಗಳಾದ ಮೇಲೆ, ಎಂದಿನ ಆರೈಕೆ ಪಡೆದವರಲ್ಲಿ ಶೇಕಡ 50 ಮಂದಿಗೆ ಖಿನ್ನತೆಯ ಲಕ್ಷಣಗಳಿದ್ದವು. ಬೆಂಚಿನಲ್ಲಿ ಕುಳಿತವರಲ್ಲಿ ಶೇಕಡ 14 ಮಂದಿಗೆ ಮಾತ್ರ. ಇದು ಆರು ತಿಂಗಳ ಲೆಕ್ಕವೆಂಬುದನ್ನು ಮರೆಯಬಾರದು. ಆತ್ಮಹತ್ಯೆಯ ಯೋಚನೆಯುಳ್ಳವರನ್ನು ಅಜ್ಜಿಯರು ತಾವೇ ಇಟ್ಟುಕೊಳ್ಳದೆ ಮೇಲಿನವರಲ್ಲಿಗೆ ಕಳುಹಿಸುತ್ತಾರೆ.

ಭೇಟಿಗಳು ಮುಗಿದವರು ಗುಂಪಾಗಿ ಸೇರುವುದುಂಟು. ವೃತ್ತಾಕಾರವಾಗಿ ಕುಳಿತು, ಹಳೆಯ ಪ್ಲಾಸ್ಟಿಕ್ಕನ್ನು ಸೀಳಿ ಚೀಲ ಹೆಣೆಯುತ್ತಾರೆ. ಮಾರಿದರೆ ನಾಲ್ಕು ಕಾಸು ಬರುತ್ತದೆ. ಮಾತು ಅಲ್ಲಿಯೂ ನಡೆದೇ ಇರುತ್ತದೆ.