ಹಲಗೆ ಹಾಕುವ ಹೊಣೆ ಯಾರದ್ದು? – ಕಾಮಗಾರಿ ನಿರ್ವಹಣೆ, ನಾಯಕತ್ವ ಮತ್ತು ತಂಡದ ಕೆಲಸ

(ಗ್ರಾಮ ಪಂಚಾಯತ್ ಸದಸ್ಯರ ಅಧ್ಯಯನ ಪಾಠ)



ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಆದರೂ ಮಾರ್ಚ್ ತಿಂಗಳು ಮುಗಿಯುವಷ್ಟರಲ್ಲಿ ಅನೇಕ ಗ್ರಾಮಗಳಲ್ಲಿ ಬಾವಿಯ ತಳ ಕಾಣಿಸುತ್ತದೆ; ಟ್ಯಾಂಕರ್ ನೀರಿನ ಬೇಡಿಕೆ ಪಂಚಾಯತ್ ಸಭೆಗೆ ಬರುತ್ತದೆ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿದ್ದು, ಇಳಿಜಾರಿನ ನೆಲದಲ್ಲಿ ನಿಲ್ಲದೆ ಹರಿದು ಸಮುದ್ರ ಸೇರುವುದೇ ಇದಕ್ಕೆ ಕಾರಣವೆಂಬುದು ತಮಗೆಲ್ಲ ತಿಳಿದಿದೆ. ಆ ನೀರನ್ನು ತಡೆದು ನಿಲ್ಲಿಸಲೆಂದೇ ತೋಡು, ಹೊಳೆಗಳಿಗೆ ಅಡ್ಡಲಾಗಿ ಕಿಂಡಿ ಅಣೆಕಟ್ಟುಗಳು ನಿರ್ಮಾಣವಾಗಿವೆ. ಫಲ್ಗುಣಿ ನದಿಗೆ ಪುಚ್ಚೆಮೊಗರಿನಲ್ಲಿ ಕಟ್ಟಿರುವ ಕಿಂಡಿ ಅಣೆಕಟ್ಟಿನ ನೀರು ಮೂಡುಬಿದಿರೆ ಪಟ್ಟಣದ ಮನೆಗಳನ್ನು ತಲುಪುತ್ತದೆ. ತೋಡುಗಳ ಮೇಲಿನ ಸಣ್ಣ ಅಣೆಕಟ್ಟುಗಳು ಸುತ್ತಲಿನ ಅಡಿಕೆ ತೋಟ ಹಾಗೂ ಬಾವಿಗಳಿಗೆ ಆಸರೆಯಾಗಿವೆ.

ಯೋಜನಾ ನಿರ್ವಹಣೆಯೆಂದರೆ ದೊಡ್ಡ ಕಂಪನಿಗಳಿಗೆ ಸಂಬಂಧಿಸಿದ ವಿದ್ಯೆಯೆಂಬ ಭಾವನೆ ಸಾಮಾನ್ಯವಾಗಿದೆ. ಅದು ಪಂಚಾಯತ್‌ನ ನಿತ್ಯದ ಕೆಲಸವೇ ಎಂಬುದನ್ನು ಕಿಂಡಿ ಅಣೆಕಟ್ಟಿನ ಉದಾಹರಣೆಯಿಂದ ನೋಡೋಣ.

ಅಣೆಕಟ್ಟಿನ ಕಾಂಕ್ರೀಟ್ ಕಂಬಗಳು ಎದ್ದು ನಿಂತು, ಅಳತೆ ಪುಸ್ತಕದಲ್ಲಿ ದಾಖಲಾಗಿ, ಬಿಲ್ಲು ಪಾವತಿಯಾದಾಗ ಕಡತದ ಪ್ರಕಾರ ಕಾಮಗಾರಿ ಮುಗಿಯಿತು. ಆದರೆ ಕಂಬಗಳು ನೀರನ್ನು ನಿಲ್ಲಿಸುವುದಿಲ್ಲ; ನಿಲ್ಲಿಸುವುದು ಅವುಗಳ ಗಾಡಿಗೆ ಇಳಿಸುವ ಹಲಗೆ. ಪ್ರತಿ ವರ್ಷ ಮಳೆಗಾಲ ಕಳೆದ ಮೇಲೆ ಹಲಗೆ ಹಾಕಬೇಕು, ಮುಂದಿನ ಮಳೆಗಾಲಕ್ಕೆ ಮುನ್ನ ತೆಗೆಯಬೇಕು. ಹಾಕದಿದ್ದರೆ ಲಕ್ಷಾಂತರ ರೂಪಾಯಿಯ ಕಟ್ಟಡ ಆ ವರ್ಷದ ಮಟ್ಟಿಗೆ ಬರಿಯ ಕಂಬಗಳ ಸಾಲು. ತೆಗೆಯದಿದ್ದರೆ ಮೊದಲ ನೆರೆಗೆ ಕೊಚ್ಚಿ ಬಂದ ಮರ, ಕಸ ಕಿಂಡಿಗಳಲ್ಲಿ ಸಿಕ್ಕಿ, ನೀರು ಬದಿಯ ದಂಡೆಯನ್ನು ಕೊರೆದು ತೋಟಕ್ಕೆ ನುಗ್ಗುತ್ತದೆ. ಹೀಗಿದ್ದರೂ ಹಲಗೆ ಹಾಕುವ ಹೊಣೆ ಯಾರದೆಂಬುದು ಅನೇಕ ಕಡೆ ಯಾವ ನಡವಳಿಯಲ್ಲಿಯೂ ಬರೆದಿರುವುದಿಲ್ಲ. ಕಟ್ಟಿದ ಇಲಾಖೆ ಪಂಚಾಯತ್‌ನತ್ತ ನೋಡುತ್ತದೆ, ಪಂಚಾಯತ್ ತೋಟದವರತ್ತ ನೋಡುತ್ತದೆ, ತೋಟದವರು ಇಲಾಖೆಯವರು ಬಂದಾರೆಂದು ಕಾಯುತ್ತಾರೆ. ಅಷ್ಟರಲ್ಲಿ ಜನವರಿ ಬಂದಿರುತ್ತದೆ.

ಹಿಂದಿನ ವ್ಯವಸ್ಥೆಯನ್ನು ಇಲ್ಲಿ ನೆನೆಯುವುದು ಉಚಿತ. ಕಾಂಕ್ರೀಟ್ ಬರುವ ಮೊದಲು ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಕೃಷಿಕರು ಕಲ್ಲು, ಮಣ್ಣು, ಮರಗಳಿಂದ ತೋಡಿಗೆ ‘ಕಟ್ಟ’ ಕಟ್ಟುತ್ತಿದ್ದರು. ಕೆಲವೆಡೆ ಇಂದಿಗೂ ಕಟ್ಟುತ್ತಾರೆ. ಅದು ಪ್ರತಿ ಮಳೆಗಾಲದಲ್ಲಿ ಕೊಚ್ಚಿ ಹೋಗುವ ಕಟ್ಟೋಣ. ಆದುದರಿಂದ ಪ್ರತಿ ವರ್ಷ ಜನ ಸೇರಲೇಬೇಕಿತ್ತು. ನೀರು ತಲುಪುವ ಮನೆಗಳವರೇ ಕೆಲಸಕ್ಕೂ ಬರುತ್ತಿದ್ದುದರಿಂದ, ಹೊಣೆ ಯಾರದೆಂಬ ಪ್ರಶ್ನೆ ಏಳುತ್ತಿರಲಿಲ್ಲ. ಶಾಶ್ವತವಾದ ಕಂಬಗಳು ಬಂದ ಮೇಲೆ ಆ ವಾರ್ಷಿಕ ಕೂಟ ಹಲವೆಡೆ ನಿಂತುಹೋಯಿತು. ಕಟ್ಟಡ ಉತ್ತಮಗೊಂಡಿತು, ತಂಡ ಕರಗಿತು. ಹೊಸ ಅಣೆಕಟ್ಟಿಗೆ ಅಂದಾಜುಪಟ್ಟಿ ಸಿದ್ಧವಾಗುವಾಗಲೇ ಅದರ ಬಳಕೆದಾರರ ಗುಂಪನ್ನೂ ರಚಿಸುವುದು ಅಗತ್ಯವೆನ್ನಲು ಇದೇ ಆಧಾರ.

ಬೆಳ್ತಂಗಡಿ ತಾಲ್ಲೂಕಿನಲ್ಲಿ 1982ರಲ್ಲಿ ಆರಂಭಗೊಂಡ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ಗುಂಪುಗಳು ಇದೇ ಮುಯ್ಯಾಳು ಪದ್ಧತಿಯನ್ನು ನಿಯಮಕ್ಕೆ ಒಳಪಡಿಸಿದವು. ಸಣ್ಣ ಕೃಷಿಕರ ಚಿಕ್ಕ ಗುಂಪು, ವಾರಕ್ಕೊಂದು ದಿನ ಸರದಿಯಂತೆ ಒಬ್ಬರ ಜಮೀನಿನಲ್ಲಿ ಎಲ್ಲರ ಶ್ರಮ, ವಾರಕ್ಕೊಂದು ಸಭೆ. ಗುಂಪು ಚಿಕ್ಕದಾಗಿದ್ದುದರಿಂದ ಬಾರದವನು ಯಾರೆಂಬುದು ಅಡಗುತ್ತಿರಲಿಲ್ಲ. ಸರದಿ ನಿಶ್ಚಿತವಾಗಿದ್ದುದರಿಂದ ಇಂದು ದುಡಿದವನಿಗೆ ನಾಳೆಯ ಭರವಸೆಯಿತ್ತು. ನೂರು ಜನರ ಸಮಿತಿಯಿಂದ ಆಗದ ಕೆಲಸ ಏಳು ಜನರಿಂದ ಆಗುವುದು ಹೀಗೆ.

ಇನ್ನು ದೊಡ್ಡ ಪ್ರಮಾಣದ ಒಂದು ಉದಾಹರಣೆ. ಕೊಂಕಣ ರೈಲು ಮಾರ್ಗದ ದಕ್ಷಿಣದ ಕೊನೆ ನಮ್ಮ ಜಿಲ್ಲೆಯ ತೋಕೂರು. ರೋಹಾದಿಂದ ತೋಕೂರಿನವರೆಗೆ 741 ಕಿಲೋಮೀಟರ್ ಉದ್ದದ ಈ ಮಾರ್ಗಕ್ಕಾಗಿ 1990ರಲ್ಲಿ ನಿಗಮ ರಚನೆಯಾಯಿತು. 1998ರ ಜನವರಿಯಲ್ಲಿ ಇಡೀ ಮಾರ್ಗ ಸಂಚಾರಕ್ಕೆ ತೆರೆಯಿತು. ನಿಗಮದ ಮುಖ್ಯಸ್ಥರಾಗಿದ್ದ ಇ. ಶ್ರೀಧರನ್ ಅವರು ಮಾರ್ಗವನ್ನು ಏಳು ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯಕ್ಕೆ ಒಬ್ಬ ಮುಖ್ಯ ಇಂಜಿನಿಯರರನ್ನು ನೇಮಿಸಿ, ತೀರ್ಮಾನ ಕೈಗೊಳ್ಳುವ ಅಧಿಕಾರವನ್ನೂ ಅವರಿಗೇ ಕೊಟ್ಟರು. ಕೆಲಸ ಮುಗಿಯಲು ಇನ್ನೆಷ್ಟು ದಿನ ಉಳಿದಿದೆಯೆಂದು ತೋರಿಸುವ ಇಳಿಕೆಯ ಗಡಿಯಾರವನ್ನು ಎಲ್ಲರಿಗೂ ಕಾಣುವಂತೆ ಇರಿಸುವುದು ಅವರ ಪದ್ಧತಿ. ಜವಾಬ್ದಾರಿ ಕೊಟ್ಟು ಅಧಿಕಾರ ಕೊಡದಿರುವುದು ನಮ್ಮ ಅನೇಕ ಉಪಸಮಿತಿಗಳ ಕಾಯಿಲೆ. ಸಣ್ಣ ದುರಸ್ತಿಗೂ ಮುಂದಿನ ಸಭೆಯವರೆಗೆ ಕಾಯಬೇಕಾದರೆ ಆ ಸಮಿತಿಯಿಂದ ಏನನ್ನು ನಿರೀಕ್ಷಿಸಬಹುದು?

ಇಳಿಕೆಯ ಲೆಕ್ಕವನ್ನು ಅಣೆಕಟ್ಟಿಗೂ ಅನ್ವಯಿಸಬಹುದು. ನವೆಂಬರ್ ಕೊನೆಯ ವಾರ ಹಲಗೆ ಇಳಿಯಬೇಕೆಂದು ಇಟ್ಟುಕೊಳ್ಳಿ. ಅಲ್ಲಿಂದ ಹಿಂದಕ್ಕೆ ಎಣಿಸಿ. ಹಲಗೆ ಇಳಿಸಲು ಆಳುಗಳು ಬೇಕು. ಅದೇ ಹೊತ್ತಿಗೆ ಭತ್ತದ ಕೊಯ್ಲು, ಅಡಿಕೆ ಕೊಯ್ಲು ಇರುವುದರಿಂದ ಆಳು ಸಿಗುವುದು ಕಷ್ಟ. ಆದುದರಿಂದ ಅಕ್ಟೋಬರದಲ್ಲೇ ದಿನ ಗೊತ್ತುಪಡಿಸಬೇಕು. ಅದಕ್ಕೂ ಮುಂಚೆ ಹಲಗೆಗಳನ್ನು ಎಣಿಸಬೇಕು: ಎಷ್ಟು ಗೆದ್ದಲು ಹಿಡಿದಿವೆ, ಎಷ್ಟು ಬಾಗಿವೆ, ಎಷ್ಟು ಕಾಣೆಯಾಗಿವೆ? ಹೊಸ ಹಲಗೆಗೆ ದರಪಟ್ಟಿ ಕರೆದು ಖರೀದಿಸಲು ತಿಂಗಳು ಬೇಕು. ಎಂದರೆ ಹಲಗೆ ಎಣಿಸುವ ಕೆಲಸ ಆಗಸ್ಟ್ ಕೊನೆಗೆ, ಮಳೆ ಇನ್ನೂ ಸುರಿಯುತ್ತಿರುವಾಗಲೇ ಆಗಬೇಕು. ಅದರ ಹಣ ಕ್ರಿಯಾಯೋಜನೆಯಲ್ಲಿ ಇರಬೇಕಾದರೆ ಹಿಂದಿನ ಗ್ರಾಮಸಭೆಯಲ್ಲಿಯೇ ವಿಷಯ ಬಂದಿರಬೇಕು. ನವೆಂಬರಿನ ಕೆಲಸದ ಬೇರು ಹೀಗೆ ಹಿಂದಿನ ಹಣಕಾಸು ವರ್ಷದವರೆಗೆ ಹೋಗುತ್ತದೆ. ಹಲಗೆ ತೆಗೆಯುವ ದಿನ, ತೆಗೆದ ಹಲಗೆಯನ್ನು ಒಣ ಜಾಗದಲ್ಲಿ ಇರಿಸುವ ವ್ಯವಸ್ಥೆ ಮತ್ತು ಬೀಗದ ಕೈ ಯಾರಲ್ಲಿರುತ್ತದೆಂಬುದು ಕೂಡ ಅದೇ ಪಟ್ಟಿಯಲ್ಲಿರಲಿ.

ದಿನಾಂಕವನ್ನು ಕಾಗದದಲ್ಲಿ ಬರೆದುಬಿಟ್ಟರೆ ಮುಗಿಯುವುದಿಲ್ಲ. ಹಿಂಗಾರಿನ ಜೋರು ಮಳೆ ಬಾಕಿಯಿರುವಾಗ ಹಲಗೆ ಹಾಕಿದರೆ ಒಂದೇ ರಾತ್ರಿಯಲ್ಲಿ ನೀರು ತೋಟಕ್ಕೇರುತ್ತದೆ. ತೀರ ತಡಮಾಡಿದರೆ ತೋಡಿನ ಹರಿವು ಸಣಕಲಾಗಿ ಅಣೆಕಟ್ಟು ತುಂಬುವುದೇ ಇಲ್ಲ. ಸರಿಯಾದ ದಿನ ಯಾವುದೆಂದು ತಿಳಿದಿರುವವರು ತೋಡಿನ ಬದಿಯಲ್ಲಿ ವಾಸಿಸುವ ಕೃಷಿಕರು. ಅವರಲ್ಲಿ ಒಬ್ಬರನ್ನು ಗುರುತಿಸಿ, ಅವರ ಅಭಿಪ್ರಾಯ ಪಡೆದು ದಿನ ನಿಗದಿಪಡಿಸುವುದಾಗಿ ನಿರ್ಣಯವನ್ನೇ ಮಾಡಬಹುದು. ತನಗಿಂತ ಹೆಚ್ಚು ತಿಳಿದವರ ಮಾತಿಗೆ ಅಧಿಕೃತ ಸ್ಥಾನ ಕೊಡುವುದು ನಾಯಕತ್ವದ ಕುಂದಲ್ಲ.

ಸದಸ್ಯರ ಪಾತ್ರದ ಬಗ್ಗೆ ಎರಡು ಮಾತು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಅಡಿಯಲ್ಲಿ ಪಂಚಾಯತ್ ತೀರ್ಮಾನಿಸುವುದು ಸಭೆಯ ನಿರ್ಣಯದ ಮೂಲಕ. ವಾರ್ಡಿನ ಸದಸ್ಯರೊಬ್ಬರು ಪಂಪ್ ಚಾಲಕರಿಗೆ ಬೆಳಗ್ಗೆ ಒಂದು ಆದೇಶ, ಇನ್ನೊಬ್ಬರು ಮಧ್ಯಾಹ್ನ ಮತ್ತೊಂದು ಆದೇಶ ಕೊಟ್ಟರೆ, ಆ ಸಿಬ್ಬಂದಿ ಕೊನೆಗೆ ಯಾರ ಧ್ವನಿ ದೊಡ್ಡದೋ ಅವರ ಮಾತನ್ನು ಕೇಳುತ್ತಾರೆ. ಸೂಚನೆಗಳು ಪಂಚಾಯತ್ ಅಭಿವೃದ್ಧಿ ಅಧಿಕಾರಿಯವರ ಮೂಲಕವೇ ಹೋಗಲಿ; ಸದಸ್ಯರು ಕೇಳಬೇಕಾದುದು ‘ಆಯಿತೇ, ಆಗದಿದ್ದರೆ ಯಾಕೆ’ ಎಂಬುದನ್ನು. ಹಾಗೆ ಕೇಳುವಾಗ, ಅಡಚಣೆಯನ್ನು ಮೊದಲೇ ತಿಳಿಸಿದ ಸಿಬ್ಬಂದಿಯನ್ನು ಸಭೆಯಲ್ಲಿ ಗದರಿಸಿದರೆ ಮುಂದಿನ ಸಲ ಯಾರೂ ಮೊದಲೇ ತಿಳಿಸುವುದಿಲ್ಲ. ಅಧ್ಯಕ್ಷ, ಉಪಾಧ್ಯಕ್ಷರ ಅವಧಿ 30 ತಿಂಗಳು. ನಡುವೆ ಅಧಿಕಾರಿಗಳ ವರ್ಗಾವಣೆಯೂ ಆಗುತ್ತದೆ. ಆದುದರಿಂದ ಯಾವ ಕೆಲಸ, ಯಾರ ಹೆಸರು, ಯಾವ ದಿನಾಂಕ ಎಂಬ ಮೂರು ಕಲಮಿನ ಒಂದು ಪುಸ್ತಕವಿದ್ದು, ಪ್ರತಿ ಸಭೆ ಅದನ್ನು ಓದುವುದರಿಂದಲೇ ಆರಂಭವಾದರೆ, ಜನ ಬದಲಾದರೂ ಕೆಲಸ ನಿಲ್ಲದು. ಹೆಸರಿನ ಕಲಮಿನಲ್ಲಿ ‘ಸಮಿತಿ’ ಎಂದು ಬರೆಯಬೇಡಿ, ಒಬ್ಬರ ಹೆಸರನ್ನೇ ಬರೆಯಿರಿ.

ನಮ್ಮ ಅಧಿಕಾರದಲ್ಲಿಲ್ಲದ, ಆದರೆ ನಮ್ಮ ಜನರನ್ನು ಬಾಧಿಸುವ ಕಾಮಗಾರಿಗಳೂ ಇವೆ. ಬಿಕರ್ನಕಟ್ಟೆಯಿಂದ ಸಾಣೂರಿನವರೆಗಿನ ಸುಮಾರು 45 ಕಿಲೋಮೀಟರ್ ಹೆದ್ದಾರಿ ಚತುಷ್ಪಥ ಕಾಮಗಾರಿ ಇಂಥದು. ಭೂಸ್ವಾಧೀನದ ಪರಿಹಾರ ಕುರಿತ ವಿವಾದಗಳಿಂದ ಅದು ವಿಳಂಬವಾದುದು ತೋಡಾರು, ಮಿಜಾರು ಪರಿಸರದವರಿಗೆ ಹೊಸ ವಿಷಯವಲ್ಲ. ಇಂತಹ ಕಡೆ ಪಂಚಾಯತ್ ತನ್ನ ಕುಡಿಯುವ ನೀರಿನ ಕೊಳವೆ, ಚರಂಡಿ, ದಾರಿದೀಪಗಳ ನಕ್ಷೆಯನ್ನು ಅಗೆತಕ್ಕೆ ಮೊದಲೇ ಲಿಖಿತವಾಗಿ ಕೊಟ್ಟು ಜಂಟಿ ಪರಿಶೀಲನೆ ಕೋರಬೇಕು. ಕೊಳವೆ ಒಡೆದ ಮೇಲೆ ಬರೆಯುವ ಪತ್ರಕ್ಕಿಂತ ಅದು ಪರಿಣಾಮಕಾರಿ.

ಈ ವಿದ್ಯೆಗೆ ಉದ್ಯೋಗದ ಮುಖವೂ ಇದೆ. ತೋಡಾರು, ಮಿಜಾರು, ಬಡಗ ಮಿಜಾರುಗಳಲ್ಲಿ ಕೆಲವೇ ಕಿಲೋಮೀಟರ್‌ಗಳೊಳಗೆ ಮೂರು ಇಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿನ ಸಿವಿಲ್ ವಿಭಾಗದ ವಿದ್ಯಾರ್ಥಿಗಳನ್ನು ಅಣೆಕಟ್ಟುಗಳ ಸ್ಥಿತಿಗತಿಯ ಸಮೀಕ್ಷೆಗೆ ಆಹ್ವಾನಿಸಿದರೆ ಪಂಚಾಯತ್‌ಗೆ ವರದಿ, ಅವರಿಗೆ ಅನುಭವ. ಪದವೀಧರರಿಗೆ ಅಭಿವೃದ್ಧಿ ಅಧಿಕಾರಿ ಹುದ್ದೆಯ ಸ್ಪರ್ಧಾತ್ಮಕ ಪರೀಕ್ಷೆಯಿದೆ. ಪದವಿಯಿಲ್ಲದವರಿಗೆ ದಾರಿಯಿಲ್ಲವೆಂದಲ್ಲ: ಸಂಜೀವಿನಿ ಒಕ್ಕೂಟದಲ್ಲಿ ಪುಸ್ತಕ ಬರೆಯುವ, ಸ್ವಚ್ಛವಾಹಿನಿ ಓಡಿಸುವ ಮಹಿಳೆಯರು ದಿನನಿತ್ಯ ಮಾಡುತ್ತಿರುವುದು ಮಾರ್ಗ, ಸಮಯ, ಜನ, ಹಣ ಇವುಗಳ ಹೊಂದಾಣಿಕೆಯನ್ನೇ. ಅವರನ್ನು ಕಾಮಗಾರಿಗಳ ಉಸ್ತುವಾರಿ ಗುಂಪಿಗೆ ಸೇರಿಸಲು ಪ್ರತ್ಯೇಕ ಆದೇಶ ಬರಲೆಂದು ಕಾಯಬೇಕಾಗಿಲ್ಲ.

ಮುಂದಿನ ಸಾಮಾನ್ಯ ಸಭೆಯಲ್ಲಿ ಈ ಪ್ರಶ್ನೆಗಳನ್ನು ಚರ್ಚೆಗೆ ತೆಗೆದುಕೊಳ್ಳಬಹುದು: ನಮ್ಮ ವ್ಯಾಪ್ತಿಯಲ್ಲಿ ಎಷ್ಟು ಕಿಂಡಿ ಅಣೆಕಟ್ಟುಗಳಿವೆ, ಕಳೆದ ವರ್ಷ ಎಷ್ಟಕ್ಕೆ ಹಲಗೆ ಹಾಕಲಾಗಿತ್ತು, ಯಾವ ದಿನಾಂಕದಂದು? ಹಲಗೆಗಳು ಈಗ ಎಲ್ಲಿವೆ? ಈ ವರ್ಷ ಪ್ರತಿಯೊಂದು ಅಣೆಕಟ್ಟಿನ ಮುಂದೆ ಯಾರ ಹೆಸರನ್ನು ಬರೆಯೋಣ?